ತಲೆಬೆಣ್ಣೆ, ಒಲೆಬೆಣ್ಣೆ

ಅಸ್ಕಾಲೆಯ ಮೂಗು ಸತ್ತು ಮೂರು ತಿಂಗಳಾಗಿತ್ತು. ಈ ಸುದ್ದಿಯನ್ನು ಅವಳು ಅಪಾರ್ಟ್‌ಮೆಂಟಿನ ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಜನವರಿಯ ತಿಮ್ಕತ್ ಹಬ್ಬದಲ್ಲಿ ಪಾದ್ರಿಗಳು ಎರಚಿದ ತೀರ್ಥಕ್ಕೆ ತಲೆಯೊಡ್ಡಿ ತೊಯ್ದು ತೊಪ್ಪೆಯಾಗಿ ಬಂದಿದ್ದಳು. ಮೂರನೆಯ ದಿನ ಜ್ವರ. ತೀರ್ಥವನ್ನು ದೂರಿದರೆ ನಾಲಿಗೆ ಬಿದ್ದೀತು. ಆ ವಾರ ಅಡಿಸ್ ಅಬಾಬಾದ ಅರ್ಧ ಜನ ಕೆಮ್ಮುತ್ತಲೇ ಇದ್ದರು. ಹತ್ತು ದಿನಕ್ಕೆ ಜ್ವರವೇನೋ ಬಿಟ್ಟಿತು, ಆದರೆ ಬಂದ ನೆಂಟ ಹೋಗುವಾಗ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದ ಹಾಗೆ ಮೂಗನ್ನು ಕೊಂಡುಹೋಯಿತು.

ಅದು ಅವಳಿಗೆ ಗೊತ್ತಾದದ್ದು ಎದುರು ಮನೆಯ ಕಾಫಿ ಕೂಟದಲ್ಲಿ. ಹಸಿ ಬೀಜ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತಾರೆ. ಹಿಡಿದಾಗ ಆ ಹೊಗೆಯನ್ನು ಕೈಯಿಂದ ಮುಖದ ಕಡೆಗೆ ಎಳೆದುಕೊಂಡು ಒಂದು ಒಳ್ಳೆ ಮಾತು ಹೇಳಬೇಕು. ಅಸ್ಕಾಲೆ ಎಳೆದುಕೊಂಡಳು. ಬಿಸಿ ತಾಗಿತು, ಕಣ್ಣು ಉರಿಯಿತು, ವಾಸನೆ ಮಾತ್ರ ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡಳು. ಊಹ್ಞೂಂ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು, ಯಾಕೆಂದರೆ ಗುಲೆಲೆಯ ಆ ಅಪಾರ್ಟ್‌ಮೆಂಟುಗಳಲ್ಲಿ ವಾಸನೆಯ ವಿಷಯಕ್ಕೆ ಅವಳದೇ ಕಡೆಯ ಮಾತು. ಮೂರನೆಯ ಮಹಡಿಯಲ್ಲಿ ಕೂತು ಕೆಳಗಿನ ಮನೆಯ ಸಾರಿಗೆ ಮೆಂತ್ಯ ಹೆಚ್ಚಾಯಿತು ಎಂದು ಕೂಗಿ ಹೇಳುತ್ತಿದ್ದ ಹೆಂಗಸು ಅವಳು.

"ಆಹಾ! ದೇವರು ನಿನ್ನ ಕೈ ತಣ್ಣಗಿಟ್ಟಿರ್ಲಿ" ಎಂದಳು ಅಸ್ಕಾಲೆ. ಅರವತ್ತೆಂಟು ವರ್ಷದಲ್ಲಿ ಅಡುಗೆಯ ವಿಷಯದಲ್ಲಿ ಆಡಿದ ಮೊದಲ ಸುಳ್ಳು ಅದು. ಆಮೇಲೆ ಸುಳ್ಳುಗಳಿಗೆ ಲೆಕ್ಕವಿರಲಿಲ್ಲ. ಆಸ್ಪತ್ರೆಯ ಡಾಕ್ಟರು, ಬಂದರೆ ಬರಬಹುದು, ಬರದೆಯೂ ಇರಬಹುದು ಎಂದ. ಅಷ್ಟು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ ಎಂದು ಬೈದುಕೊಂಡು ಬಂದಳು.

ಮೂಗು ಹೋಗಿದ್ದು ಅವಳ ಸ್ವಂತ ಕಷ್ಟ ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಅವಳನ್ನು ನಂಬಿಕೊಂಡು ಮೂರು ಜನ ಶಿಷ್ಯರಿದ್ದರು.

ಅಪಾರ್ಟ್‌ಮೆಂಟಿನ ಹಿಂದೆ ಎಲ್ಲರಿಗೂ ಸೇರಿದ ಒಂದು ಅಡುಗೆಯ ಕಟ್ಟಡವಿತ್ತು. ದೊಡ್ಡ ದೋಸೆಯಂಥ ಇಂಜೆರ ಸುಡುವುದಕ್ಕೆ, ಕುರಿ ಕೋಳಿ ಕೊಯ್ಯುವುದಕ್ಕೆ. ಅಲ್ಲಿ ಪ್ರತಿ ಶನಿವಾರ ಪಾಠ. ಇದನ್ನು ಶುರುಮಾಡಿಸಿದವಳು ಫಿಕಿರ್ತೆ. ಮೂವತ್ತನಾಲ್ಕು ವರ್ಷದವಳು, ಒಂಬತ್ತು ವರ್ಷ ಬೈರೂತಿನಲ್ಲಿ ಮನೆಗೆಲಸ ಮಾಡಿ ಹಿಂದಿರುಗಿದ್ದಳು. ಬೈರೂತಿನ ಅಡುಗೆಯೆಲ್ಲ ಗೊತ್ತು, ನಮ್ಮ ಬೇಳೆಯ ವತ್, ಆ ಗಟ್ಟಿ ಸಾರು, ಮಾಡು ಎಂದರೆ ಕೈ ಕಟ್ಟುತ್ತಿತ್ತು. "ಎಮಾಮ, ನಂಗೆ ಬೆರ್ಬೆರೆ ಕುಟ್ಟೋದರಿಂದ ಕಲಿಸಿ" ಎಂದು ಹಿರಿಯರನ್ನು ಕರೆಯುವಂತೆ ಕರೆದು, ಬಾಗಿಲಲ್ಲಿ ನಿಂತಿದ್ದಳು. ಅವಳ ಬೆನ್ನಿಗೆ ಸೆಬ್ಲೆ ಬಂದಳು: ಬ್ಯಾಂಕಿನ ಹುಡುಗಿ, ಹೊಸ ಮದುವೆ, ಅಂಗಡಿ ಪೊಟ್ಟಣದ ಬೆರ್ಬೆರೆ ಖಾರದಪುಡಿ ಹಾಕಿ ಅತ್ತೆಯಿಂದ ಬೈಸಿಕೊಂಡವಳು. ಮೂರನೆಯವನು ಲೆಮ್ಮಾ, ಬಸ್ ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿ ಎರಡು ವರ್ಷ. ಗಂಡಸಿಗೆ ಅಡುಗೆ ಪಾಠವೇ ಎಂದು ಮೊದಮೊದಲು ಮಹಡಿಯ ಮೇಲಿನಿಂದ ನಗು ಕೇಳಿಬರುತ್ತಿತ್ತು. "ನಗ್ರಿ, ನಗ್ರಿ. ನೀವು ನಕ್ಕರೆ ನನ್ನ ಹೊಟ್ಟೆ ತುಂಬುತ್ತಾ?" ಎಂದು ಕತ್ತೆತ್ತಿ ಕೇಳಿ, ಈರುಳ್ಳಿ ಹೆಚ್ಚುತ್ತಿದ್ದ.

ಮೂಗು ಸತ್ತ ಮೇಲೆ ಅಸ್ಕಾಲೆ ಪಾಠದ ಮಾದರಿಯನ್ನೇ ಬದಲಿಸಿದಳು. ಮುಂಚೆ ತಾನೇ ಮೂಸಿ, ಈಗ ಇಳಿಸು, ಈಗ ನೀರು ಹಾಕು ಎನ್ನುತ್ತಿದ್ದವಳು, ಈಗ ಕೈಕಟ್ಟಿ ನಿಂತು ಶಿಷ್ಯರನ್ನೇ ಕೇಳತೊಡಗಿದಳು. "ಪಾತ್ರೆ ಏನು ಹೇಳ್ತಿದೆ?"

"ಘಮಘಮ ಅಂತಿದೆ, ಎಮಾಮ."

"ಘಮಘಮ ಅಂತ ಸೋಪಿನ ಅಂಗಡೀನೂ ಅನ್ನುತ್ತೆ. ಸರಿಯಾಗಿ ಹೇಳು. ಯಾವುದರ ಹಾಗಿದೆ?"

ಹೀಗೆ ಗದರಿಸಿ ಗದರಿಸಿ ಅವರ ಬಾಯಿಂದ ವಾಸನೆಗೆ ಹೆಸರು ಹೊರಡಿಸಿದಳು. ಎಣ್ಣೆಯಿಲ್ಲದೆ ಹುರಿಯುವ ಈರುಳ್ಳಿ ಮೊದಲು ಹಸಿ ಮಣ್ಣು, ಆಮೇಲೆ ಬೇಯಿಸಿದ ಗೆಣಸು, ಕಡೆಗೆ ಕಾಯಿಸಿದ ಜೇನು ಎಂದು ಫಿಕಿರ್ತೆ ಕಂಡುಹಿಡಿದಳು. ಹಸಿ ಬೆರ್ಬೆರೆ ಬ್ಯಾಂಕಿನ ಹಳೆ ಕಡತದ ಧೂಳು ಎಂದಳು ಸೆಬ್ಲೆ. ಲೆಮ್ಮಾನಂತೂ ಎಲ್ಲವನ್ನೂ ಬಸ್ಸಿಗೇ ತಂದು ನಿಲ್ಲಿಸುತ್ತಿದ್ದ. "ಎಂಟೊಟ್ಟೊ ಇಳಿಜಾರಲ್ಲಿ ಬ್ರೇಕು ಕಾದಾಗ ಬರುತ್ತಲ್ಲ, ಅದರ ಶುರು. ಇನ್ನೊಂದು ನಿಮಿಷ ಬಿಟ್ಟರೆ ಸೀದುಹೋಗುತ್ತೆ" ಎನ್ನುತ್ತಿದ್ದ. ಅಸ್ಕಾಲೆ ಗಂಭೀರವಾಗಿ ತಲೆಯಾಡಿಸಿ, "ಹಾಗಾದ್ರೆ ನೀರು ಚಿಮುಕಿಸು" ಎನ್ನುತ್ತಿದ್ದಳು. ಎಂಥ ಗುರು, ಎಷ್ಟು ಆಳವಾಗಿ ಪರೀಕ್ಷೆ ಮಾಡ್ತಾರೆ ಎಂದು ಶಿಷ್ಯರು ಬೆರಗಾದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಹಾಗೆ, ಹೊಗಳಿಸಿಕೊಂಡಾಗಲೆಲ್ಲ ಅವಳು ಮುಖ ತಿರುಗಿಸಿ ಪಾತ್ರೆ ತಿಕ್ಕತೊಡಗುತ್ತಿದ್ದಳು.

ಆಮೇಲೆ ದೊಡ್ಡ ಉಪವಾಸ ಬಂತು. ಐವತ್ತೈದು ದಿನ ಮಾಂಸವಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ರುಚಿ ನೋಡಬೇಕಾದ ಪ್ರಮೇಯವೂ ಇಲ್ಲ. ಅಸ್ಕಾಲೆ ಮೇರಿ ತಾಯಿಗೆ ಕೈಮುಗಿದಳು. ಆದರೆ ಉಪವಾಸ ಮುಗಿಯಲೇಬೇಕಲ್ಲ. ಈಸ್ಟರಿನ ಫಾಸಿಕ ಹಬ್ಬದ ಬೆಳಗಿನ ಜಾವ ಚರ್ಚಿನಿಂದ ಬಂದ ಮನೆಮನೆಯವರೂ ದೋರೊ ವತ್ ತಿಂದೇ ಉಪವಾಸ ಬಿಡುವುದು. ಆ ಕೋಳಿ ಸಾರನ್ನು ಹಿಂದಿನ ದಿನವೇ ಮಾಡಿಡಬೇಕು, ಆಗ ಉಪವಾಸ ಇನ್ನೂ ಮುಗಿದಿರುವುದಿಲ್ಲ. ಅಂದರೆ ವರ್ಷದ ಅತಿ ದೊಡ್ಡ ಅಡುಗೆಯನ್ನು ಒಂದು ಹನಿಯೂ ನಾಲಿಗೆಗೆ ತಾಗಿಸದೆ, ಬರೀ ಮೂಗಿನ ಮೇಲೆ ಮಾಡಬೇಕು. ಸಣ್ಣ ಮಕ್ಕಳಿಗೆ ಉಪವಾಸವಿಲ್ಲ, ನಿಜ. ಅವಕ್ಕೆ ನೆಕ್ಕಿಸಿ ಕೇಳಿದರೆ ಎಲ್ಲವೂ ಖಾರ ಅನ್ನುತ್ತವೆ.

ಈ ಸಲದ ಫಾಸಿಕ ಫಿಕಿರ್ತೆಗೆ ಬರೀ ಹಬ್ಬವಾಗಿರಲಿಲ್ಲ. ಬೈರೂತಿಗೆ ಹೋಗುವಾಗ ಎರಡು ವರ್ಷದ ಮಗಳನ್ನು ಡೆಬ್ರೆ ಬಿರ್ಹಾನಿನಲ್ಲಿ ಅತ್ತೆಯ ಮಡಿಲಿಗೆ ಹಾಕಿಹೋಗಿದ್ದಳು. ಗಂಡ ಅದಕ್ಕೆ ಮುಂಚೆಯೇ ಕೈಬಿಟ್ಟು ಹೋಗಿದ್ದ. ಹುಡುಗಿ ಸೊಲಿಯಾನಾಳಿಗೆ ಈಗ ಹನ್ನೊಂದು. ತಾಯಿಯನ್ನು ಅವಳು "ಫಿಕಿರ್ತೆ" ಎಂದು ಹೆಸರು ಹಿಡಿದೇ ಕರೆಯುತ್ತಿದ್ದಳು. ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ ಫಿಕಿರ್ತೆ ಇಂಜೆರದಲ್ಲಿ ಸುತ್ತಿದ ತುತ್ತನ್ನು ಮಗಳ ಬಾಯಿಗೆ ಹಿಡಿದಿದ್ದಳಂತೆ. ಕೈಯಾರೆ ಕೊಟ್ಟ ಗುರ್ಷವನ್ನು ಪರಮ ವೈರಿಯೂ ಬೇಡ ಅನ್ನುವುದಿಲ್ಲ. ಹುಡುಗಿ ಮುಖ ತಿರುಗಿಸಿ, "ನಂಗೆ ಹಸಿವಿಲ್ಲ" ಎಂದಿತ್ತು.

"ಹಬ್ಬಕ್ಕೆ ಕರ್ಕೊಂಡು ಬರ್ತಾರೆ ಅತ್ತೆ" ಎಂದು ಫಿಕಿರ್ತೆ ಹೇಳಿದ್ದಳು. "ಇರ್ತೀನಿ ಅಂದ್ರೆ ಇರ್ಲಿ, ಇಲ್ಲೇ ಶಾಲೆಗೆ ಹಾಕು, ಇಲ್ಲಾಂದ್ರೆ ನನ್ನ ಜೊತೆ ವಾಪಸ್ಸು ಅಂದಿದ್ದಾರೆ. ಬಲವಂತ ಮಾಡಲ್ಲ ಅಂತ ನಾನೂ ಮಾತು ಕೊಟ್ಟಿದೀನಿ. ಎಮಾಮ, ಅವಳಿಗೆ ಬುದ್ಧಿ ತಿಳಿದ ಮೇಲೆ ನಾನು ಅವಳಿಗೆ ಒಂದು ಫಾಸಿಕದ ಅಡುಗೇನೂ ಮಾಡಿ ಹಾಕಿಲ್ಲ. ಬೇರೆಯವರ ಮಕ್ಕಳಿಗೆ ಒಂಬತ್ತು ವರ್ಷ ತಿನ್ನಿಸಿದೆ."

"ಅಳಬೇಡ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ನಾನಿದೀನಲ್ಲ" ಎಂದಿದ್ದಳು ಅಸ್ಕಾಲೆ. ಹೇಳಿದ ಮೇಲೆ ಮನೆಗೆ ಬಂದು ಮಂಚದ ಮೇಲೆ ಕೂತು, ಇರುವುದೇನೋ ಇದ್ದೀನಿ, ಮೂಗೆಲ್ಲಿದೆ ಎಂದು ತನ್ನನ್ನೇ ಕೇಳಿಕೊಂಡಳು. ನಿಜ ಹೇಳಿಬಿಡೋಣ ಎಂದು ಎರಡು ಸಲ ಅವಳ ಬಾಗಿಲವರೆಗೆ ಹೋಗಿದ್ದಳು, ಎರಡು ಸಲವೂ ಉಪ್ಪು ಕೇಳಿ ವಾಪಸು ಬಂದಿದ್ದಳು.

ಹಬ್ಬದ ವಾರದ ಬುಧವಾರ ಬೆಣ್ಣೆ ಕಾಯಿಸಿದಳು. ಮೂರು ಪಾತ್ರೆಗೂ ಆಗುವಷ್ಟು ಮಸಾಲೆ ತುಪ್ಪ ತಾನೇ ಮಾಡಿ ಕೊಡುವುದಾಗಿ ಮಾತಾಗಿತ್ತು. ಸುಲುಲ್ತಾದ ಸೋದರ ಸೊಸೆ ವರ್ಷಾವರ್ಷ ಎರಡು ಡಬ್ಬ ಬೆಣ್ಣೆ ಕಳಿಸುತ್ತಾಳೆ: ಒಂದು ಒಲೆಗೆ, ಇನ್ನೊಂದು ತಲೆಗೆ. ಹಬ್ಬಕ್ಕೆ ಹೆಣೆಯುವ ಜಡೆಗಳಿಗೆ ಹಚ್ಚುವ ಬೆಣ್ಣೆಗೆ ಅದೆಸ್ ಎಂಬ ಸುವಾಸನೆಯ ಸೊಪ್ಪನ್ನು ಅರೆದು ಸೇರಿಸಿರುತ್ತಾರೆ. ಎರಡೂ ಹಾಲಿನ ಪುಡಿಯ ಒಂದೇ ಥರದ ಡಬ್ಬಗಳು. ಚೀಟಿ ಅಂಟಿಸೋಣ ಎಂದು ನಲವತ್ತು ವರ್ಷದಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮುಚ್ಚಳ ತೆಗೆದರೆ ಕುರುಡರಿಗೂ ಗೊತ್ತಾಗುತ್ತಿತ್ತು. ಅಸ್ಕಾಲೆ ಎರಡನ್ನೂ ತೆರೆದಳು, ಎರಡರಲ್ಲೂ ಮೂಗು ಅದ್ದುವಷ್ಟು ಬಗ್ಗಿದಳು, ಹಳದಿಯಾಗಿ ಕಂಡದ್ದನ್ನು ಎತ್ತಿಕೊಂಡಳು. ಹಸಿರು ಪುಡಿ ಅಲ್ಲಲ್ಲಿ ಕಂಡಿತು. ಸೊಸೆ ಈ ಸಲ ಒಗ್ಗರಣೆ ಸೊಪ್ಪು ಸೇರಿಸಿಯೇ ಕಳಿಸಿದ್ದಾಳೆ, ಪುಣ್ಯಾತ್ಗಿತ್ತಿ, ಎಂದು ಹರಸಿ ಅರ್ಧ ಡಬ್ಬ ಬೆಣ್ಣೆಯನ್ನು ಒಲೆಗಿಟ್ಟಳು. ಏಲಕ್ಕಿಯಂಥ ದಪ್ಪ ಕೊರೆರಿಮ, ಮೆಂತ್ಯ, ಅರಿಶಿನ, ಶುಂಠಿ, ಬೆಳ್ಳುಳ್ಳಿ, ಎಲ್ಲವನ್ನೂ ಕೈ ಅಳತೆಯಲ್ಲಿ ಹಾಕಿದಳು. ಬಣ್ಣ ಬಂಗಾರದ ಹಾಗೆ ಬಂತು.

ಶನಿವಾರ ಬೆಳಿಗ್ಗೆ ಪಾದ್ರಿ ಬಂದು ಹಸಿರು ಜೊಂಡುಹುಲ್ಲು ಹಂಚಿಹೋದ. ನಾಲ್ವರೂ ಅದನ್ನು ತಲೆಗೆ ಕಟ್ಟಿಕೊಂಡು ಅಡುಗೆಮನೆಗೆ ಇಳಿದರು. ಲೆಮ್ಮಾ ಪೂರ್ವಕ್ಕೆ ತಿರುಗಿ ದೇವರ ಹೆಸರು ಹೇಳಿ ಮೂರು ಕೋಳಿಗಳನ್ನು ಕೊಯ್ದ; ಆ ಕೆಲಸ ಹೆಂಗಸರದಲ್ಲ. ಕೋಳಿಯನ್ನು ಹನ್ನೆರಡು ತುಂಡು ಮಾಡಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸೆಬ್ಲೆ ಎರಡು ಸಲ ಎಣಿಸಿ ಪೆಚ್ಚುಮೋರೆ ಹಾಕಿದಳು.

"ಹದಿಮೂರಿದೆ, ಎಮಾಮ."

"ಮೂರನೇ ಕಾಲಿತ್ತೇನೆ ನಿನ್ನ ಕೋಳಿಗೆ? ಬ್ಯಾಂಕಲ್ಲೂ ಹೀಗೇ ಎಣಿಸ್ತೀಯಾ?"

"ಅದಕ್ಕೇ ನಾನು ದುಡ್ಡನ್ನ ದಿಂಬಿನ ಕೆಳಗಿಡೋದು" ಎಂದ ಲೆಮ್ಮಾ. ಸೆಬ್ಲೆ ಅವನಿಗೆ ಈರುಳ್ಳಿ ಸಿಪ್ಪೆ ಎಸೆದಳು.

ಕೋಳಿಯನ್ನು ನಿಂಬೆಹಣ್ಣು, ಉಪ್ಪು ಹಾಕಿ ಏಳು ನೀರಲ್ಲಿ ತೊಳೆದರು. ಮೂರು ಒಲೆಯ ಮೇಲೆ ಮೂರು ಪಾತ್ರೆ, ಒಂದೊಂದರಲ್ಲೂ ಮೂರು ಕಿಲೋ ಸಣ್ಣಗೆ ಹೆಚ್ಚಿದ ಕೆಂಪು ಈರುಳ್ಳಿ. ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ, ಕೈ ಬಿಡದೆ ಕದಡುತ್ತ ಮೂರು ಗಂಟೆ. ಅಸ್ಕಾಲೆ ಪಾತ್ರೆಗಳ ಹಿಂದೆ ಓಡಾಡುತ್ತ, ಕಿವಿಗೊಟ್ಟು ಅವುಗಳ ಸದ್ದು ಕೇಳುತ್ತ, ಏನು ಹೇಳ್ತಿದೆ, ಏನು ಹೇಳ್ತಿದೆ ಎಂದು ವಿಚಾರಿಸುತ್ತಿದ್ದಳು. ಎಲ್ಲರಿಗಿಂತ ಮೊದಲು ಫಿಕಿರ್ತೆ ಕೂಗಿದಳು. "ಜೇನು! ಎಮಾಮ, ಜೇನು ಬಂತು!"

"ಮೊದಲ ತುಪ್ಪ ನನ್ನ ಕೈಯಿಂದ" ಎಂದು ಅಸ್ಕಾಲೆ ಸೌಟು ತುಂಬಿಸಿ, ಒಂದಲ್ಲ, ಮೂರು ಸೌಟು ಫಿಕಿರ್ತೆಯ ಪಾತ್ರೆಗೆ ಸುರಿದಳು. ಚುಂಯ್ ಎಂದು ಹಬೆ ಎದ್ದಿತು. "ಮೂಸು ಮಗಳೇ. ಇದು ತುಪ್ಪ ಅಂದ್ರೆ. ಹೇಳು, ಏನು ಹೇಳ್ತಿದೆ?"

ಫಿಕಿರ್ತೆ ಮೂಸಿ ಒಂದು ಹೆಜ್ಜೆ ಹಿಂದೆ ಸರಿದಳು. ಸೆಬ್ಲೆ ಬಾಗಿ ಮೂಸಿದವಳು ಥಟ್ಟನೆ ತಲೆ ಎತ್ತಿ ಫಿಕಿರ್ತೆಯ ಮುಖ ನೋಡಿದಳು. ಇಬ್ಬರೂ ಕಣ್ಣಲ್ಲೇ ಏನೋ ಕೇಳಿಕೊಂಡು ನೆಲ ನೋಡಿದರು. ಹಿರಿಯರಿಗೆ ಎದುರಾಡಿ ಅಭ್ಯಾಸವಿಲ್ಲದ ಹುಡುಗಿಯರು. ಒಲೆಯ ಮೇಲೆ ಪಾತ್ರೆ ಕುದಿಯುತ್ತಲೇ ಇತ್ತು.

"ಏನ್ರೇ, ನಾಲಿಗೆ ಮಡಚಿ ಇಟ್ಟುಕೊಂಡ್ರಾ?"

ಆಗ ಲೆಮ್ಮಾ ಹತ್ತಿರ ಬಂದ. ಮೂಸಿದ. ಕಣ್ಣು ಮುಚ್ಚಿದ. ಅವನ ಕೈಲಿದ್ದ ಮರದ ಸೌಟು ಹಾಗೇ ನಿಂತಿತು.

"ಎಮಾಮ, ನನ್ನ ಹೆಂಡ್ತಿ ಬಂದು ಪಕ್ಕದಲ್ಲಿ ನಿಂತ ಹಾಗಾಯ್ತು" ಎಂದ ಮೆಲ್ಲಗೆ. "ಫಾಸಿಕದ ಬೆಳಿಗ್ಗೆ ತಲೆ ಹೆಣ್ಕೊಂಡು, ಬಿಳಿ ಬಟ್ಟೆ ಉಟ್ಕೊಂಡು ಬರ್ತಿದ್ಳಲ್ಲ, ಅದೇ. ಅವಳ ಜಡೆ ವಾಸನೆ."

ಎರಡು ಡಬ್ಬ, ಹಸಿರು ಪುಡಿ, ಹರಸಿದ ಸೊಸೆ, ಎಲ್ಲ ಒಮ್ಮೆಲೇ ಅಸ್ಕಾಲೆಯ ಕಣ್ಣ ಮುಂದೆ ಬಂತು. ಮೂರು ಗಂಟೆ ಕೂತು ಬೇಯಿಸಿದ ಈರುಳ್ಳಿಗೆ ಅವಳು ತಲೆಬೆಣ್ಣೆ ಸುರಿದಿದ್ದಳು. ಸಂಜೆ ಐದಕ್ಕೆ ಡೆಬ್ರೆ ಬಿರ್ಹಾನಿನ ಬಸ್ಸು ಬರುತ್ತದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವಳು ಈರುಳ್ಳಿ ಚೀಲದ ಮೇಲೆ ಕೂತುಬಿಟ್ಟಳು.

"ನಂಗೆ ವಾಸನೆ ಬರಲ್ಲ" ಎಂದಳು. "ತಿಮ್ಕತ್ ಜ್ವರದಿಂದ ಈಚೆಗೆ ಏನೂ ಬರಲ್ಲ. ಕಾಫಿ ಬರಲ್ಲ, ಧೂಪ ಬರಲ್ಲ, ಸತ್ತ ಇಲೀನೂ ಬರಲ್ಲ. ನಿಮಗೆಲ್ಲ ಸುಳ್ಳು ಹೇಳ್ದೆ. ಅಡುಗೆ ಗೊತ್ತಿರೋಳು ಅನ್ನೋದು ಬಿಟ್ರೆ ನಾನ್ಯಾರು ಅಂತ ಹೆದರ್ದೆ. ಫಿಕಿರ್ತೆ, ನಿನ್ನ ಮಗಳ ಅಡುಗೆ ಹಾಳು ಮಾಡ್ಬಿಟ್ಟೆ ಕಣೆ. ನನ್ನ ಬೈದುಬಿಡು."

ಯಾರೂ ಬೈಯಲಿಲ್ಲ. ಫಿಕಿರ್ತೆ ತನ್ನ ಪಾತ್ರೆಯನ್ನೇ ನೋಡುತ್ತ ನಿಂತಿದ್ದಳು. ಸೆಬ್ಲೆಗೆ ಮಾತ್ರ ಏನೋ ಹೊಳೆಯಿತು.

"ಹಾಗಾದ್ರೆ, ಎಮಾಮ, ಪಾತ್ರೆ ಏನು ಹೇಳ್ತಿದೆ ಅಂತ ಕೇಳ್ತಿದ್ರಲ್ಲ, ಅದು ಪರೀಕ್ಷೆ ಅಲ್ವಾ?"

"ಪರೀಕ್ಷೆ ಎಲ್ಲಿ ಬಂತು ಮಗಳೇ. ನಿಜವಾಗ್ಲೂ ನಂಗೆ ಗೊತ್ತಾಗ್ತಿರ್ಲಿಲ್ಲ."

ಲೆಮ್ಮಾ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕ. "ಅಯ್ಯೋ ನನ್ನಪ್ಪ! ಮೂರು ತಿಂಗಳಿಂದ ಈ ಬಸ್ಸನ್ನ ಓಡಿಸ್ತಿದ್ದಿದ್ದು ನಾವೇ! ಡ್ರೈವರು ಕಣ್ಣು ಮುಚ್ಚಿ ಕೂತಿದ್ರು!"

ಸೆಬ್ಲೆಗೂ ನಗು ಬಂತು. ಫಿಕಿರ್ತೆ ಮಾತ್ರ ನಗಲಿಲ್ಲ; ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲದ ಪಕ್ಕದಲ್ಲಿ ಕೂತು, ಅಸ್ಕಾಲೆಯ ಎರಡು ಕೈಗಳನ್ನೂ ಹಿಡಿದುಕೊಂಡಳು. ಬೈರೂತಿನಲ್ಲಿ ಅವಳ ಕೈಜಾರಿ ಒಡೆದ ಒಂದು ತಟ್ಟೆಗೆ ಎಷ್ಟು ಬೈಗುಳ ತಿಂದಿದ್ದಳೋ, ಯಾರಿಗೂ ಹೇಳಿದವಳಲ್ಲ.

"ಎಮಾಮ, ಒಲೆಬೆಣ್ಣೆ ಡಬ್ಬ ಮನೇಲಿದೆ ತಾನೇ?"

"ಇದೆ. ಮುಟ್ಟಿಲ್ಲ. ಆದ್ರೆ ನಿನ್ನ ಈರುಳ್ಳಿ? ಇನ್ನು ಮೂರು ಗಂಟೆ ಎಲ್ಲಿಂದ ತರ್ತೀಯ?"

ಅದಕ್ಕೆ ಉತ್ತರ ಕೊಟ್ಟದ್ದು ಲೆಮ್ಮಾನ ಸೌಟು. ತನ್ನ ಪಾತ್ರೆಯ ಕಂದು ಈರುಳ್ಳಿಯಲ್ಲಿ ಅರ್ಧಕ್ಕರ್ಧ ಮೊಗೆದು, ಒಂದು ಖಾಲಿ ಪಾತ್ರೆಗೆ ಹಾಕಿದ. "ನಾನೊಬ್ನೇ ತಿನ್ನೋನು. ಇಷ್ಟೆಲ್ಲ ತಿಂದು ನಾನೇನು ಎತ್ತಾಗ್ಬೇಕಾ?" ಎಂದ.

ಸೆಬ್ಲೆಯ ಮನೆಗೆ ಒಂಬತ್ತು ಜನ ಬರುವವರಿದ್ದರು, ಅತ್ತೆಯೂ ಸೇರಿ. ಅವಳು ಒಂದು ನಿಮಿಷ ಯೋಚಿಸಿದಳು, ಸುಳ್ಳು ಯಾಕೆ ಹೇಳಲಿ. ಆಮೇಲೆ ತಾನೂ ದೊಡ್ಡ ಸೌಟಿನಲ್ಲಿ ನಾಲ್ಕು ಸಲ ಬಡಿಸಿದಳು. "ನಮ್ಮತ್ತೆ ಹೇಗೂ ತಪ್ಪು ಹುಡುಕ್ತಾರೆ. ಸಾರು ಕಮ್ಮಿ ಆಯ್ತು ಅಂತ ಹುಡುಕ್ಲಿ. ಹುಡುಕೋಕೆ ಕಷ್ಟ ಪಡೋದು ತಪ್ಪುತ್ತೆ."

ಒಂದು ಪಾತ್ರೆಯದು ಇನ್ನೊಂದು ಪಾತ್ರೆಗೆ ಹೋಗಿ ಮೂರಕ್ಕೂ ಸಾಲುವಷ್ಟಾಯಿತು. ನಲವತ್ತು ವರ್ಷ ಎಲ್ಲರ ಪಾತ್ರೆಗೂ ಅಸ್ಕಾಲೆ ಕೊಟ್ಟಿದ್ದಳೇ ಹೊರತು ಇನ್ನೊಬ್ಬರ ಕೊಡುಗೆಯನ್ನು ಹೀಗೆ ಕೂತು ನೋಡಿರಲಿಲ್ಲ. ದೇವರೇ, ಮೂಗು ಕಿತ್ತುಕೊಂಡೆ ಅಂತ ನಿನ್ನನ್ನು ಬೈದಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ, ಎಂದುಕೊಂಡಳು.

ಒಲೆಬೆಣ್ಣೆ ಬಂತು. ಈ ಸಲ ಅವಳು ಮಸಾಲೆ ಮುಟ್ಟಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬೆಣ್ಣೆ ಕರಗಿತು.

"ಏನು ಹೇಳ್ತಿದೆ?" ಎಂದಳು. ಈಗ ಆ ಮಾತಿನಲ್ಲಿ ಕಪಟವಿರಲಿಲ್ಲ.

"ಹಸಿ ಹಾಲು. ಕೊಟ್ಟಿಗೆ" ಎಂದಳು ಫಿಕಿರ್ತೆ.

"ಕಾಯಲಿ. ಈಗ?"

"ಹುರಿದ ಬಾರ್ಲಿ."

"ಶುಂಠಿ, ಬೆಳ್ಳುಳ್ಳಿ ಹಾಕು. ಸೆಬ್ಲೆ, ಮೊಬೈಲ್ ಆ ಕಡೆ ಇಡು, ಗಡಿಯಾರಕ್ಕೇನು ಗೊತ್ತು. ಮೂಸು."

"ಬೆಳ್ಳುಳ್ಳಿ ಸಿಟ್ಟು ಇಳೀತಾ ಇದೆ, ಎಮಾಮ. ಈಗ ಸಿಹಿಯಾಯ್ತು."

"ಕೊರೆರಿಮ. ಬೆಸೊಬೆಲ ಸೊಪ್ಪು. ಲೆಮ್ಮಾ?"

"ಬ್ರೇಕು ತಣ್ಣಗಿದೆ" ಎಂದ ಲೆಮ್ಮಾ ಘನವಾಗಿ. "ಆದ್ರೆ ಸ್ಟಾಪು ಬಂತು. ಇಳಿಸಿ."

ಇಳಿಸಿದರು. ತುಪ್ಪ ಈರುಳ್ಳಿಗೆ ಬಿತ್ತು, ಬೆರ್ಬೆರೆ ತುಪ್ಪಕ್ಕೆ ಬಿತ್ತು, ನೀರು ಚಿಮುಕಿಸಿ ಚಿಮುಕಿಸಿ ಕೆಂಪು ಕಪ್ಪಾಗುವವರೆಗೆ ಕದಡಿದರು. ಒಂದೊಂದಕ್ಕೂ ಹನ್ನೆರಡು ತುಂಡು ಇಳಿಬಿಟ್ಟರು. ಸೆಬ್ಲೆಯ ಹದಿಮೂರನೆಯದು ಯಾರೂ ನೋಡದಾಗ ಫಿಕಿರ್ತೆಯ ಪಾತ್ರೆ ಸೇರಿತು. ಕಡೆಯಲ್ಲಿ ಹಿಪ್ಪಲಿ, ಲವಂಗ, ಕರಿಜೀರಿಗೆಯ ಪುಡಿ ಉದುರಿಸಿ, ಗೀರು ಹಾಕಿದ ಬೆಂದ ಮೊಟ್ಟೆಗಳನ್ನು ಹಾಕಿದರು. ಯಾರೂ ನೆಕ್ಕಿ ನೋಡಲಿಲ್ಲ. ಫಿಕಿರ್ತೆ ಪಾತ್ರೆಯ ಮೇಲೆ ಬಗ್ಗಿ ಬಹಳ ಹೊತ್ತು ನಿಂತಿದ್ದಳು.

"ಏನಂತೆ?" ಎಂದಳು ಅಸ್ಕಾಲೆ.

"ಗೊತ್ತಿಲ್ಲ, ಎಮಾಮ. ನಮ್ಮಮ್ಮನ ಮನೆ ಬಾಗಿಲು ತೆಗೆದ ಹಾಗಿದೆ. ಅಷ್ಟೇ ಗೊತ್ತು."

ಹೊರಡುವಾಗ ಅಸ್ಕಾಲೆ ಮನೆಗೆ ಹೋಗಿ, ಅರ್ಧ ಉಳಿದ ತಲೆಬೆಣ್ಣೆಯ ಡಬ್ಬವನ್ನು ತಂದು ಫಿಕಿರ್ತೆಯ ಕೈಗಿಟ್ಟಳು. "ತಗೊಂಡು ಹೋಗು. ಪಾತ್ರೆಗೆ ಹಾಕಬೇಡ, ಅಷ್ಟು ಸಾಕು. ಅವಳು ತಲೆ ಕೊಟ್ರೆ ಜಡೆಗೆ ಹಚ್ಚು. ಕೊಡದಿದ್ರೆ ನಿನ್ನ ತಲೆಗೇ ಹಚ್ಕೊ."

ಸಂಜೆ ಅಜ್ಜಿ, ಮೊಮ್ಮಗಳು ಬಂದರು. ಅಸ್ಕಾಲೆ ಕಿಟಕಿಯಿಂದ ನೋಡಿದಳು: ಉದ್ದ ಕಾಲಿನ ಹುಡುಗಿ, ಅಜ್ಜಿಯ ಸೆರಗನ್ನು ಹಿಡಿದಿದ್ದಳು. ಫಿಕಿರ್ತೆ ಚೀಲಕ್ಕೆ ಕೈ ಚಾಚಿದರೆ, ಹುಡುಗಿ ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿದಳು.

ಬೆಳಗಿನ ಜಾವ ಚರ್ಚಿನ ಗಂಟೆ ಹೊಡೆಯಿತು. ಮನೆಮನೆಯಲ್ಲೂ ದೀಪ ಹತ್ತಿತು, ಪಾತ್ರೆಗಳ ಮುಚ್ಚಳದ ಸದ್ದು, ನಗು. ಅಸ್ಕಾಲೆ ಚರ್ಚಿನಿಂದ ಬಂದು ತನ್ನ ಮನೆಯಲ್ಲಿ ಸುಮ್ಮನೆ ಕೂತಳು. ತನಗೆಂದು ಏನೂ ಬೇಯಿಸಿಕೊಂಡಿರಲಿಲ್ಲ. ಲೆಮ್ಮಾ ತಂದಿಟ್ಟುಹೋದ ಬಟ್ಟಲನ್ನೂ ಮುಟ್ಟಿರಲಿಲ್ಲ. ಆ ಪಾತ್ರೆ ಆ ಮಗುವಿನ ಬಾಯಿಗೆ ಹೇಗಾಯಿತೋ ತಿಳಿಯದೆ ಅವಳಿಗೆ ತುತ್ತು ಇಳಿಯುವ ಹಾಗಿರಲಿಲ್ಲ. ಬೆಳಕು ಹರಿಯಿತು. ಏಳಾಯಿತು, ಎಂಟಾಯಿತು.

ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಸೊಲಿಯಾನಾ ನಿಂತಿದ್ದಳು, ಬಟ್ಟೆ ಮುಚ್ಚಿದ ತಟ್ಟೆ ಹಿಡಿದುಕೊಂಡು. ತಲೆ ತುಂಬ ಹೊಸದಾಗಿ ಹೆಣೆದ ಸಣ್ಣ ಸಣ್ಣ ಜಡೆಗಳು ಬೆಣ್ಣೆಯಲ್ಲಿ ಮಿರಮಿರ ಎನ್ನುತ್ತಿದ್ದವು. ಅಸ್ಕಾಲೆಯ ಕಣ್ಣು ಮೊದಲು ಆ ಜಡೆಗಳ ಮೇಲೆ ಬಿತ್ತು. ಹುಡುಗಿಯ ಹಿಂದೆ, ಎರಡು ಹೆಜ್ಜೆ ದೂರದಲ್ಲಿ, ಫಿಕಿರ್ತೆ ಗೋಡೆಗೆ ಒರಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ನೀವು ಇನ್ನೂ ಉಪವಾಸ ಬಿಟ್ಟಿಲ್ವಂತೆ, ಲೆಮ್ಮಾ ಮಾಮ ಹೇಳಿದ್ರು" ಎಂದಳು ಹುಡುಗಿ. ಒಳಗೆ ಬಂದು ಚಾಪೆಯ ಮೇಲೆ ಕೂತು, ಬಟ್ಟೆ ಸರಿಸಿ, ಇಂಜೆರ ಹರಿದು, ಕೋಳಿ, ಮೊಟ್ಟೆ, ಸಾರು ಸೇರಿಸಿ ಅಚ್ಚುಕಟ್ಟಾಗಿ ಸುತ್ತಿ, ಅಸ್ಕಾಲೆಯ ಬಾಯಿಗೆ ಹಿಡಿದಳು. ಅಸ್ಕಾಲೆ ಬಾಯಿ ತೆರೆದಳು. ಖಾರ ಗೊತ್ತಾಯಿತು, ಉಪ್ಪು ಗೊತ್ತಾಯಿತು, ಬಿಸಿ ಗೊತ್ತಾಯಿತು. ಉಳಿದದ್ದು ಗೊತ್ತಾಗಲಿಲ್ಲ.

"ನಂಗೆ ಮೂಗಿಲ್ಲ ಮಗು, ನಿಜವಾಗ್ಲೂ ಇಲ್ಲ" ಎಂದಳು. "ನೀನೇ ಹೇಳು. ಏನು ವಾಸನೆ ಬರ್ತಿದೆ?"

ಹುಡುಗಿ ತಟ್ಟೆ ಮೂಸಿದಳು, ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಈರುಳ್ಳಿ. ಜೇನಿನ ಹಾಗೆ. ತುಪ್ಪ. ಅಜ್ಜಿ ಮಾಡೋದಕ್ಕಿಂತ ಖಾರ ಕಮ್ಮಿ." ಮತ್ತೊಮ್ಮೆ ಮೂಸಿದಳು. "ಆಮೇಲೆ ಒಂಚೂರು ತಲೆಬೆಣ್ಣೆ ವಾಸನೇನೂ ಇದೆ."

ಅಸ್ಕಾಲೆಯ ಜೀವ ಹಾರಿಹೋದಂತಾಯಿತು. "ಸಾರಲ್ಲಾ?"

"ಸಾರಲ್ಲಲ್ಲ. ಅಮ್ಮನ ಕೈಯಲ್ಲಿ. ಜಡೆ ಹಾಕ್ತಾ ಹಾಕ್ತಾನೇ ನಂಗೆ ತಿನ್ನಿಸ್ತಿದ್ರಲ್ಲ, ಎಲ್ಲಾ ತುತ್ತಿಗೂ ಅದೇ ವಾಸನೆ." ಹುಡುಗಿ ಭುಜ ಕುಣಿಸಿದಳು. "ಪರವಾಗಿಲ್ಲ. ನಂಗೆ ಇಷ್ಟ ಆಯ್ತು."

ಬಾಗಿಲಾಚೆ ಫಿಕಿರ್ತೆ ಬಿಕ್ಕಿದ ಸದ್ದು ಕೇಳಿಸಿತು. ಅಸ್ಕಾಲೆ ಆ ಕಡೆ ನೋಡಲಿಲ್ಲ; ನೋಡಿದ್ದರೆ ತಾನೂ ಅಳುತ್ತಿದ್ದಳು, ಹಬ್ಬದ ದಿನ ಮಗುವಿನ ಮುಂದೆ ಅಳಬಾರದು. ನಿನಗೆ ಸಾವಿರ ಶರಣು, ತಾಯಿ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮೇರಿಗೋ, ಲೆಮ್ಮಾನ ಸತ್ತ ಹೆಂಡತಿಗೋ, ಸುಲುಲ್ತಾದ ಸೊಸೆಗೋ ಅವಳಿಗೇ ತಿಳಿಯದು, ಎಲ್ಲರಿಗೂ ಸೇರಿಸಿ ಹೇಳಿದಳು.

"ಎಮಾಮ" ಎಂದಳು ಹುಡುಗಿ, ಬೆರಳಿನ ಸಾರು ನೆಕ್ಕುತ್ತ. "ಶನಿವಾರ ಪಾಠ ಇರುತ್ತಂತಲ್ಲ. ನಾನೂ ಬರ್ಲಾ? ನನ್ನ ಮೂಗು ಚೆನ್ನಾಗಿದೆ."

"ಪ್ರತಿ ಶನಿವಾರವೂ ಬರಬೇಕಾಗುತ್ತೆ ಮತ್ತೆ. ಒಂದಿನ ಬಂದು ಊರಿಗೆ ಓಡಿಹೋಗೋ ಹಾಗಿಲ್ಲ."

"ಎಲ್ಲಿಗೆ ಓಡ್ಲಿ?" ಎಂದಳು ಸೊಲಿಯಾನಾ. "ಅಮ್ಮ ಇಲ್ಲೇ ಇದಾರಲ್ಲ."

ಅಸ್ಕಾಲೆ ಅವಳ ಬೆಣ್ಣೆ ಮೆತ್ತಿದ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಬರದ ವಾಸನೆಯನ್ನು ಎದೆ ತುಂಬ ಎಳೆದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಗದರಿದಳು. "ಒಂದೇ ತುತ್ತು ಕೊಟ್ಟರೆ ಜಗಳ ಬರುತ್ತೆ ಅಂತ ಗೊತ್ತಿಲ್ವಾ ನಿಂಗೆ? ಇನ್ನೊಂದು ಕೊಡು. ದೊಡ್ಡದು."